ರೇಡಿಯೇಷನ್ ವೇಳೆ ಬಾಯಿ ಒಣಗದಂತೆ ಮೊದಲೇ ವಿಟಮಿನ್ ಮಾತ್ರೆ ಶುರು ಮಾಡಬಹುದಾ?

ಡೊಂಬಿವಲಿ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಎಡ ಕೆನ್ನೆಯ ಒಳಗೆ ಕ್ಯಾನ್ಸರ್. ವಿಜಯಪುರದಿಂದ ಕರೆಸಿಕೊಂಡು ಮುಂಬೈಯಲ್ಲೇ ಆಪರೇಷನ್ ಮಾಡಿಸಿದೆವು. ಗಾಯ ಮಾಗುತ್ತಿದೆ. ಇನ್ನು ಕರೆಂಟ್, ಅಂದರೆ ರೇಡಿಯೇಷನ್, ಕೊಡಬೇಕು ಅಂದಿದ್ದಾರೆ. 30 ಸಿಟ್ಟಿಂಗ್, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿಯ ಡ್ರಿಪ್.

ಓಪಿಡಿ ಬೆಂಚಿನ ಮೇಲೆ ಸಿಕ್ಕವರೆಲ್ಲ ಒಂದೇ ಮಾತು ಹೇಳುತ್ತಾರೆ. ಜೊಲ್ಲು ಬತ್ತಿ ಹೋಗುತ್ತದೆ, ಅನ್ನ ಗಂಟಲಲ್ಲಿ ಇಳಿಯಲ್ಲ, ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ ಅಂತ. ಮಾವ ಅದನ್ನು ಕೇಳಿಯೇ ಅರ್ಧ ಇಳಿದು ಹೋಗಿದ್ದಾರೆ. ಈಗ ನಮ್ಮ ಸಂಬಂಧಿಯೊಬ್ಬರು ಒಂದು ಪಟ್ಟಿ ಕಳಿಸಿದ್ದಾರೆ. ವಿಟಮಿನ್ ಇ 400, ವಿಟಮಿನ್ ಸಿ, ಜಿಂಕ್, ಸೆಲೆನಿಯಂ, ಮೀನೆಣ್ಣೆ ಕ್ಯಾಪ್ಸೂಲ್, ಬೆಳಗ್ಗೆ ಖಾಲಿ ಹೊಟ್ಟೆಗೆ ನೆಲ್ಲಿಕಾಯಿ ಮತ್ತು ಅಮೃತಬಳ್ಳಿ ರಸ. ಕರೆಂಟ್ ಶುರುವಾಗುವ ಮೊದಲೇ ತಗೊಂಡರೆ ಬಾಯಿ ಒಣಗಲ್ಲವಂತೆ. ಮನೆಯಲ್ಲಿ ಎಲ್ಲರೂ ತರಿಸೋಣ ಅಂತಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಮಾಟುಂಗಾ ಡಯಟ್

ನಾನು ಆಸ್ಪತ್ರೆಯಲ್ಲಿ ಡಯಟಿಷಿಯನ್. ಬಾಯಿ, ಗಂಟಲು ಕ್ಯಾನ್ಸರ್ ರೋಗಿಗಳೇ ನನ್ನ ಬಳಿ ಜಾಸ್ತಿ ಬರುವುದು. ನೇರವಾಗಿ ಹೇಳಿಬಿಡುತ್ತೇನೆ. ಆ ಪಟ್ಟಿಯನ್ನು ಶುರು ಮಾಡಬೇಡಿ. ಅದನ್ನು ಹಾಗೇ ಮಡಚಿ ಫೈಲಿನಲ್ಲಿಟ್ಟು ರೇಡಿಯೇಷನ್ ಡಾಕ್ಟರಿಗೆ ತೋರಿಸಿ.

ಯಾಕೆ ಅಂತ ಹೇಳುತ್ತೇನೆ, ಮನೆಯಲ್ಲಿ ವಾದ ಬಂದಾಗ ನಿಮಗೆ ಬೇಕಾಗುತ್ತದೆ. ರೇಡಿಯೇಷನ್ ಕಿರಣ ಕೋಶದೊಳಗಿನ ನೀರನ್ನು ಒಡೆಯುತ್ತದೆ. ಅದರಿಂದ ಬೇರೆ ಅಣುಗಳನ್ನು ಹಾಳು ಮಾಡುವ ಚುರುಕು ಕಣಗಳು, ಅಂದರೆ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಅವು ಹೋಗಿ ಡಿಎನ್‌ಎಯನ್ನು ಕತ್ತರಿಸುತ್ತವೆ. ಕ್ಯಾನ್ಸರ್ ಕೋಶ ಸಾಯುವುದು ಬಹುಪಾಲು ಈ ದಾರಿಯಲ್ಲೇ. ಆಂಟಿಆಕ್ಸಿಡೆಂಟ್ ಮಾತ್ರೆಯ ಕೆಲಸ ಏನು? ಅದೇ ಫ್ರೀ ರ‍್ಯಾಡಿಕಲ್‌ಗಳನ್ನು ಹಿಡಿದು ಸುಮ್ಮನಾಗಿಸುವುದು. ಜೊಲ್ಲಿನ ಗ್ರಂಥಿಯನ್ನು ಮಾತ್ರ ಕಾಪಾಡು, ಕ್ಯಾನ್ಸರನ್ನು ಬಿಟ್ಟುಬಿಡು ಅಂತ ಮಾತ್ರೆಗೆ ಹೇಳಿಕೊಡೋಕೆ ಆಗಲ್ಲ ಅಲ್ವಾ? ಆಪರೇಷನ್ ಆದ ಮೇಲೂ ಕಣ್ಣಿಗೆ ಕಾಣದ ಕೋಶಗಳು ಉಳಿದಿರಬಹುದು ಅಂತಲೇ ಕರೆಂಟ್ ಕೊಡುವುದು. ಅವಕ್ಕೆ ನಾವೇ ಕೊಡೆ ಹಿಡಿಯಬಾರದು.

ಇದು ಬರೀ ಲೆಕ್ಕಾಚಾರ ಅಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ರೇಡಿಯೇಷನ್ ತಗೊಂಡ 540 ಜನರ ಮೇಲೆ ಪ್ರಯೋಗ ನಡೆಯಿತು. ಅರ್ಧ ಜನರಿಗೆ ವಿಟಮಿನ್ ಇ 400 ಯೂನಿಟ್, ಇನ್ನರ್ಧ ಜನರಿಗೆ ಹಾಗೇ ಕಾಣುವ, ಔಷಧಿಯಿಲ್ಲದ ಹುಸಿ ಮಾತ್ರೆ. ಮೊದಮೊದಲು ಬೀಟಾ ಕ್ಯಾರೋಟಿನ್ ಅನ್ನುವ ಇನ್ನೊಂದು ಆಂಟಿಆಕ್ಸಿಡೆಂಟ್ ಕೂಡ ಕೊಡುತ್ತಿದ್ದರು, ನಡುವೆ ನಿಲ್ಲಿಸಿದರು. ಫಲಿತಾಂಶ 2005ರಲ್ಲಿ ಬಂತು. ರೇಡಿಯೇಷನ್ನಿನ ತಕ್ಷಣದ ತೊಂದರೆ ಸ್ವಲ್ಪ ಕಮ್ಮಿ ಕಂಡಿತು, ಅದೂ ಎರಡನ್ನೂ ತಗೊಂಡವರಲ್ಲಿ. ಆದರೆ ಕ್ಯಾನ್ಸರ್ ಅದೇ ಜಾಗದಲ್ಲಿ ಮರುಕಳಿಸುವುದು ಮಾತ್ರೆ ತಗೊಂಡವರಲ್ಲೇ ಜಾಸ್ತಿಯಾಗುವ ಲಕ್ಷಣ ಇತ್ತು. ಮುಂದೆ ನೋಡಿದಾಗ ಸಾವೂ ಅವರಲ್ಲೇ ಹೆಚ್ಚು. ಕರೆಂಟ್ ನಡೆಯುವಾಗಲೂ ಸಿಗರೇಟ್ ಬಿಡದವರಿಗೆ ಇನ್ನೂ ಕೆಟ್ಟದಾಯಿತು. ನಿಮ್ಮ ಪಟ್ಟಿಯಲ್ಲಿರುವುದೂ ಅದೇ 400 ನೋಡಿ.

2021ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಮತ್ತು ಕ್ಯಾನ್ಸರ್ ರೋಗಿಗಳ ಆರೈಕೆಯ ಅಂತರರಾಷ್ಟ್ರೀಯ ಸಂಘಗಳು ಸೇರಿ ಬಾಯಿ ಒಣಗುವುದರ ಬಗ್ಗೆಯೇ ಮಾರ್ಗಸೂಚಿ ಹೊರಡಿಸಿದವು. ಅದರಲ್ಲಿ ಸ್ಪಷ್ಟವಾಗಿದೆ. ಜೊಲ್ಲು ಉಳಿಸೋಕೆ ಅಂತ ವಿಟಮಿನ್ ಇ ಅಥವಾ ಬೇರೆ ಆಂಟಿಆಕ್ಸಿಡೆಂಟ್ ಕೊಡಬಾರದು. ಉಪಯೋಗಕ್ಕೆ ಪುರಾವೆ ಸಾಲದು, ಚಿಕಿತ್ಸೆಗೇ ಅಡ್ಡಿಯಾಗುವ ಭಯ ಇದೆ.

ಹಣ್ಣು, ತರಕಾರಿ ತಿನ್ನಬೇಡಿ ಅಂತ ನಾನು ಹೇಳುತ್ತಿಲ್ಲ. ಊಟದಲ್ಲಿ ಬರುವುದಕ್ಕೂ ಮಾತ್ರೆಯಲ್ಲಿ ಬರುವುದಕ್ಕೂ ಅಳತೆಯಲ್ಲಿ ಬಹಳ ಅಂತರ.

ಥಾಣೆ ರಾಯರು

ಡಯಟ್ ಮೇಡಂ ಬಗ್ಗೆ ಗೌರವ ಇದೆ. ಆದರೂ ಒಂದು ಮಾತು. ತೊಂದರೆ ಕಮ್ಮಿ ಕಂಡಿತು ಅಂತ ನೀವೇ ಹೇಳಿದಿರಿ. ಆ ತೊಂದರೆ ಎಂಥದ್ದು ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಅಕ್ಕ ಕರೆಂಟ್ ಮುಗಿಯುವ ಹೊತ್ತಿಗೆ ನೀರು ನುಂಗೋಕೂ ಅಳುತ್ತಿದ್ದಳು. ಆ ಹೊತ್ತಿನಲ್ಲಿ ಯಾರು ಏನು ಕೊಟ್ಟರೂ ತಗೋಬೇಕು ಅನ್ನಿಸುತ್ತದೆ. ಕೊರಿಯಾದಲ್ಲಿ ವಿಟಮಿನ್ ಇ, ಸಿ ಕೊಟ್ಟು ಬಾಯಿ ಒಣಗುವುದು ಕಡಿಮೆಯಾಗಿದೆ ಅಂತ ನಾನು ಓದಿದ್ದೇನೆ. ಇನ್ನು ಅಮೃತಬಳ್ಳಿ, ಜೇಷ್ಠಮಧು ನಮ್ಮ ಅಜ್ಜಿ ಕಾಲದಿಂದ ಮನೆಯಲ್ಲಿದ್ದದ್ದು. ಅದರಿಂದ ಏನು ತೊಂದರೆ ಆದೀತು?

ಮಾಟುಂಗಾ ಡಯಟ್

ರಾಯರೇ, ನಿಮ್ಮ ಅಕ್ಕನ ನೋವನ್ನು ನಾನು ಹಗುರ ಮಾಡುತ್ತಿಲ್ಲ. ದಿನವೂ ಅದನ್ನೇ ನೋಡುತ್ತೇನೆ.

ಕೊರಿಯಾದ ಪ್ರಯೋಗ 2016ರದ್ದು. ನಿಜ, ಬಾಯಿ ಒಣಗುವುದರಲ್ಲಿ ಸ್ವಲ್ಪ ಸುಧಾರಣೆ ಕಂಡಿತ್ತು. ಆದರೆ ಅದರಲ್ಲಿ ಇದ್ದವರು ಐವತ್ತಕ್ಕೂ ಕಡಿಮೆ ಜನ. ಕ್ಯಾನ್ಸರ್ ವಾಪಸ್ ಬರುವುದೋ ಇಲ್ಲವೋ ಅಂತ ಅಷ್ಟು ಸಣ್ಣ ಗುಂಪು ನೋಡಿ ಹೇಳೋಕೆ ಆಗಲ್ಲ. ಒಂದು ಕಡೆ ಚಿಕ್ಕ ಪ್ರಯೋಗದ ಚಿಕ್ಕ ಲಾಭ. ಇನ್ನೊಂದು ಕಡೆ ದೊಡ್ಡ ಪ್ರಯೋಗದಲ್ಲಿ ಜೀವಕ್ಕೇ ಕುತ್ತು. ನನ್ನ ಅಪ್ಪನಾಗಿದ್ದರೂ ನಾನು ಆ ಮಾತ್ರೆ ಕೊಡುತ್ತಿರಲಿಲ್ಲ.

ಗಿಡಮೂಲಿಕೆ ಬಗ್ಗೆ ನಮ್ಮ ಪಿಂಪ್ರಿಯ ಮೆಡಿಕಲ್‌ನವರು ಹೇಳಲಿ.

ಪಿಂಪ್ರಿ ಮೆಡಿಕಲ್

ಹೇಳುತ್ತೇನೆ. ನಾನು ಫಾರ್ಮಸಿಸ್ಟ್, ಅಂಗಡಿಯಲ್ಲಿ ಈ ಡಬ್ಬಿಗಳನ್ನು ಮಾರುವವನೇ. ಯಾವುದೇ ಹೆಲ್ತ್ ಸಪ್ಲಿಮೆಂಟ್ ಡಬ್ಬಿ ತಿರುಗಿಸಿ ನೋಡಿ. ಔಷಧಿಯಾಗಿ ಬಳಸುವುದಕ್ಕಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮದಲ್ಲೇ ಹಾಗೆ ಬರೆಯಬೇಕು ಅಂತಿದೆ. ಅಂದರೆ ಕಾನೂನಿನ ಲೆಕ್ಕದಲ್ಲಿ ಅದು ಆಹಾರ. ಕ್ಯಾನ್ಸರ್ ಔಷಧಿಗೆ ಆಗುವಂಥ ಪರೀಕ್ಷೆ ಅದಕ್ಕೆ ಆಗಿರಲ್ಲ.

ಅಮೃತಬಳ್ಳಿ ವಿಷಯ. ಕೊರೊನಾ ಕಾಲದಲ್ಲಿ ಎಲ್ಲರೂ ಅದರ ಕಷಾಯ ಕುಡಿದರಲ್ಲ, ಆಗ ಮುಂಬೈ ಡಾಕ್ಟರುಗಳೇ ಲಿವರ್ ಪೆಟ್ಟಾಗಿ ಬಂದ ಆರು ರೋಗಿಗಳ ಬಗ್ಗೆ 2021ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆಯುಷ್ ಇಲಾಖೆ ಅದನ್ನು ಒಪ್ಪಲಿಲ್ಲ, ವಾದ ನಡೆಯಿತು. ಆ ವಾದ ಏನೇ ಇರಲಿ, ಕೀಮೋ ನಡೆಯುವಾಗ ಲಿವರ್ ರಿಪೋರ್ಟ್ ಏರುಪೇರಾದರೆ ಡಾಕ್ಟರು ಆ ವಾರದ ಡ್ರಿಪ್ ಮುಂದೂಡುತ್ತಾರೆ. ಅದು ನಿಮಗೆ ಬೇಕಾ?

ಜೇಷ್ಠಮಧು ಚಪ್ಪರಿಸಿದರೆ ಬಾಯಲ್ಲಿ ನೀರೂರುತ್ತದೆ, ಅದು ಸರಿ. ಆದರೆ ದಿನವೂ ಜಾಸ್ತಿ ತಗೊಂಡರೆ ಬಿಪಿ ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಸಿಸ್‌ಪ್ಲಾಟಿನ್ ಕೂಡ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿಸುವ ಔಷಧಿಯೇ. ಎರಡೂ ಸೇರಿದರೆ ಹೃದಯದ ಬಡಿತಕ್ಕೇ ತೊಂದರೆ ಬರಬಹುದು. ಅಜ್ಜಿ ಕಾಲದಲ್ಲಿ ಅಜ್ಜಿ ಸಿಸ್‌ಪ್ಲಾಟಿನ್ ತಗೊಳ್ಳುತ್ತಿರಲಿಲ್ಲ ರಾಯರೇ. ಅದೇ ವ್ಯತ್ಯಾಸ.

ಜಿಂಕ್ ಬಗ್ಗೆಯೂ ಒಂದು ಮಾತು. ನಾಲಿಗೆ ರುಚಿ ಉಳಿಯುತ್ತದೆ ಅಂತ ಅದನ್ನು ತುಂಬಾ ಜನ ಕೇಳಿಕೊಂಡು ಬರುತ್ತಾರೆ. ಅಮೆರಿಕದಲ್ಲಿ ದಿನಕ್ಕೆ ಮೂರು ಸಲ 45 ಮಿಲಿಗ್ರಾಂ ಜಿಂಕ್ ಸಲ್ಫೇಟ್ ಕೊಟ್ಟು ನೋಡಿದರು. 2007ರಲ್ಲಿ ಫಲಿತಾಂಶ ಬಂತು. ರುಚಿ ಉಳಿಸುವುದರಲ್ಲಿ ಸಕ್ಕರೆ ಗುಳಿಗೆಗೂ ಜಿಂಕ್‌ಗೂ ವ್ಯತ್ಯಾಸ ಕಾಣಲಿಲ್ಲ. ಮೇಲಾಗಿ ಜಿಂಕ್ ಹೊಟ್ಟೆ ತೊಳಸುತ್ತದೆ, ಕೀಮೋ ವಾಂತಿಗೆ ಇನ್ನಷ್ಟು ಸೇರಿಕೊಳ್ಳುತ್ತದೆ.

ರಕ್ತ ಪರೀಕ್ಷೆಯಲ್ಲಿ ಬಿ12 ಅಥವಾ ವಿಟಮಿನ್ ಡಿ ಕಮ್ಮಿ ಬಂದು ಡಾಕ್ಟರೇ ಬರೆದುಕೊಟ್ಟರೆ ಅದು ಬೇರೆ ವಿಷಯ. ಕೊರತೆ ತುಂಬುವುದು ಒಂದು, ಕರೆಂಟಿನಿಂದ ಕಾಪಾಡುತ್ತದೆ ಅಂತ ನುಂಗುವುದು ಇನ್ನೊಂದು.

ಪನ್ವೇಲ್ ಮಷೀನ್

ನಾನು ರೇಡಿಯೇಷನ್ ಮಷೀನ್ ನಡೆಸುವ ಟೆಕ್ನಾಲಜಿಸ್ಟ್. ಜೊಲ್ಲು ಉಳಿಯುವುದು ಬಿಡುವುದು ತೀರ್ಮಾನವಾಗುವುದು ಮಾತ್ರೆ ಡಬ್ಬಿಯಲ್ಲಿ ಅಲ್ಲ, ಪ್ಲಾನಿಂಗ್ ಕಂಪ್ಯೂಟರಿನಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜೊಲ್ಲಿನ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ, ಕೆಳಗೆ ಇರುವುದು ಪರೋಟಿಡ್. ಊಟದ ಹೊತ್ತಿಗೆ ಬರುವ ನೀರಾದ ಜೊಲ್ಲು ಹೆಚ್ಚಾಗಿ ಅದರದ್ದು. ದವಡೆಯ ಕೆಳಗಿನದು ಸಬ್‌ಮ್ಯಾಂಡಿಬ್ಯುಲರ್. ಸುಮ್ನೆ ಕೂತಾಗ, ಮಲಗಿದಾಗ ಬಾಯಿ ಒದ್ದೆ ಇಡುವುದು ಮುಖ್ಯವಾಗಿ ಅದು. ನಾಲಿಗೆ ಕೆಳಗೆ ಇನ್ನೊಂದು ಜೊತೆ. ಇವೆಲ್ಲ ಸೇರಿ ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಮಾಡುತ್ತವೆ. ಈ ಗ್ರಂಥಿಗಳಿಗೆ ಕಿರಣ ತಡೆಯುವ ಶಕ್ತಿ ಬಹಳ ಕಮ್ಮಿ. ಪೂರ್ತಿ ಕಿರಣ ಬಿದ್ದರೆ ಮೊದಲ ವಾರದಲ್ಲೇ ಜೊಲ್ಲು ಅರ್ಧಕ್ಕೆ ಇಳಿಯಬಹುದು.

ಆಪರೇಷನ್ ನಂತರ ಸಾಮಾನ್ಯವಾಗಿ 30 ಸಿಟ್ಟಿಂಗಿನಲ್ಲಿ 60 ಗ್ರೇ ಕೊಡುತ್ತಾರೆ. ಗ್ರೇ ಅಂದರೆ ಕಿರಣದ ಡೋಸ್ ಅಳೆಯುವ ಮಾನ. ಆದರೆ ಅದು ಕ್ಯಾನ್ಸರ್ ಇದ್ದ ಜಾಗಕ್ಕೆ. ಪರೋಟಿಡ್‌ಗೆ ಸರಾಸರಿ 25 ಗ್ರೇ ದಾಟದಂತೆ ನೋಡಿಕೊಂಡರೆ ಅದು ಕಾಲಕ್ರಮೇಣ ಚೇತರಿಸಿಕೊಳ್ಳುತ್ತದೆ. ಒಂದು ಕಡೆಯದನ್ನಾದರೂ 20 ಗ್ರೇ ಒಳಗೆ ಉಳಿಸಿದರೂ ನಡೆಯುತ್ತದೆ. ಇದನ್ನು ಮಾಡೋಕೆ ಇರುವುದೇ ಐಎಂಆರ್‌ಟಿ. ಕಿರಣದ ತೀವ್ರತೆಯನ್ನು ತುಂಡುತುಂಡಾಗಿ ಬದಲಿಸಿ ಗ್ರಂಥಿಯನ್ನು ತಪ್ಪಿಸಿ ಕೊಡುವ ವಿಧಾನ. ಇಂಗ್ಲೆಂಡಿನಲ್ಲಿ ಹಳೇ ವಿಧಾನ ಮತ್ತು ಐಎಂಆರ್‌ಟಿ ಹೋಲಿಸಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಹಳೇ ವಿಧಾನದಲ್ಲಿ ನೂರಕ್ಕೆ 74 ಜನರಿಗೆ ಬಾಯಿ ಗಣನೀಯವಾಗಿ ಒಣಗಿತ್ತು. ಐಎಂಆರ್‌ಟಿಯಲ್ಲಿ 38. ನಮ್ಮ ಟಾಟಾ ಮೆಮೋರಿಯಲ್‌ನವರೂ 60 ರೋಗಿಗಳ ಮೇಲೆ ಇಂಥದ್ದೇ ಹೋಲಿಕೆ ಮಾಡಿ 2012ರಲ್ಲಿ ಬರೆದರು, ಅಲ್ಲೂ ಐಎಂಆರ್‌ಟಿಯೇ ಮೇಲು. ಯಾವ ವಿಟಮಿನ್ ಮಾತ್ರೆಯೂ ಇಂಥ ವ್ಯತ್ಯಾಸ ತೋರಿಸಿಲ್ಲ.

ಸೊಸೆಯವರೇ, ನಿಮಗೆ ಸಮಾಧಾನದ ಮಾತೂ ಇದೆ. ಮಾವನವರದು ಎಡ ಕೆನ್ನೆ. ಕೆನ್ನೆಯ ಕ್ಯಾನ್ಸರ್ ನಡುಗೆರೆ ಕಡೆ ಹೋಗಿರದಿದ್ದರೆ ಎಷ್ಟೋ ಸಲ ಒಂದೇ ಪಕ್ಕಕ್ಕೆ ಕರೆಂಟ್ ಸಾಕಾಗುತ್ತದೆ. ಆಗ ಬಲಗಡೆಯ ಗ್ರಂಥಿಗಳು ಬಹುಪಾಲು ಉಳಿಯುತ್ತವೆ. ಕುತ್ತಿಗೆ ಆಪರೇಷನ್ ಆಗಿದ್ದರೆ ಎಡಗಡೆ ದವಡೆ ಕೆಳಗಿನ ಗ್ರಂಥಿಯನ್ನು ಸಾಮಾನ್ಯವಾಗಿ ಆಗಲೇ ತೆಗೆದಿರುತ್ತಾರೆ. ಹಾಗಾಗಿ ಬಲಗಡೆಯದು ಇನ್ನೂ ಮುಖ್ಯ. ಡಾಕ್ಟರ ಹತ್ತಿರ ಎರಡು ಪ್ರಶ್ನೆ ಕೇಳಿ. ಒಂದೇ ಪಕ್ಕಕ್ಕಾ, ಎರಡೂ ಪಕ್ಕಕ್ಕಾ? ಬಲಗಡೆ ಪರೋಟಿಡ್‌ಗೆ ಎಷ್ಟು ಗ್ರೇ ಬೀಳುತ್ತದೆ? ಈ ಪ್ರಶ್ನೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಲ್ಲ.

ಡೊಂಬಿವಲಿ ಸೊಸೆ

ಕಣ್ಣಲ್ಲಿ ನೀರು ಬಂತು. ಬಲಗಡೆ ಉಳಿಯಬಹುದು ಅಂತ ಇಲ್ಲಿಯವರೆಗೆ ನಮಗೆ ಯಾರೂ ಹೇಳಿರಲಿಲ್ಲ. ಮಾವನಿಗೆ ಓದಿ ಹೇಳಿದೆ. ಇವತ್ತು ಎರಡು ಬಟ್ಟಲು ಗಂಜಿ ಕುಡಿದರು.

ಖಾರ್ಘರಿನಲ್ಲಿ ಪ್ರೋಟಾನ್ ಅಂತ ಬೇರೆ ಥರದ ಕರೆಂಟ್ ಬಂದಿದೆಯಂತೆ, ಅದು ಇನ್ನೂ ಒಳ್ಳೆಯದಾ?

ಪನ್ವೇಲ್ ಮಷೀನ್

ಹೌದು, ಅಲ್ಲಿನ ಟಾಟಾ ಸಂಸ್ಥೆಯ ಆಕ್ಟ್ರೆಕ್ ಕೇಂದ್ರದಲ್ಲಿ 2023ರಲ್ಲಿ ಶುರುವಾಯಿತು. ಮಕ್ಕಳಿಗೆ, ತಲೆಬುರುಡೆಯ ಬುಡದ ಗೆಡ್ಡೆಗಳಿಗೆ ಅದರ ಉಪಯೋಗ ಜಾಸ್ತಿ. ಕೆನ್ನೆಗೆ ಒಂದು ಪಕ್ಕದ ಐಎಂಆರ್‌ಟಿ ಚೆನ್ನಾಗಿಯೇ ಆಗುತ್ತದೆ. ಅದಕ್ಕಾಗಿ ಕಾಯುತ್ತಾ ಕೂರಬೇಡಿ. ಆಪರೇಷನ್ ಆಗಿ ಆರು ವಾರದೊಳಗೆ ಕರೆಂಟ್ ಶುರುವಾಗುವುದು ಒಳ್ಳೆಯದು.

ಕೊಥ್ರೂಡ್ ಅಕ್ಕ

ನಾನು ಪುಣೆಯಿಂದ. ನಮ್ಮೆಜಮಾನರಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಎಲ್ಲರೂ ಜೊಲ್ಲಿನ ಬಗ್ಗೆ ಮಾತಾಡುತ್ತೀರಿ, ಹಲ್ಲಿನ ಬಗ್ಗೆ ಯಾರೂ ಎತ್ತಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ.

ನಾವು ಹೋದ ಆಸ್ಪತ್ರೆಯಲ್ಲಿ ಕರೆಂಟಿಗೆ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ ಅಂತ ಯಾರೂ ಹೇಳಲಿಲ್ಲ. ಜೊಲ್ಲು ಹಲ್ಲನ್ನು ಕಾಯುತ್ತದೆ ಅಂತ ನಮಗೆಲ್ಲಿ ಗೊತ್ತಿತ್ತು? ಅದರಲ್ಲಿನ ಕ್ಯಾಲ್ಸಿಯಂ, ಬೈಕಾರ್ಬೋನೇಟ್ ಹೋದ ಮೇಲೆ ಹುಳಿ ಹಲ್ಲಿನ ಮೇಲೇ ಕೂರುತ್ತದಂತೆ. ಕರೆಂಟ್ ಮುಗಿದ ಮೇಲೆ ಒಸಡಿನ ಪಕ್ಕದಲ್ಲಿ, ಹಲ್ಲಿನ ಬುಡದಲ್ಲಿ ಕಂದು ಗೆರೆ ಮೂಡಿತು. ನೋಡನೋಡುತ್ತಿದ್ದಂತೆ ಮುಂದಿನ ಹಲ್ಲು ಬುಡದಲ್ಲೇ ಮುರಿಯಿತು. ಕೀಳಿಸೋಣ ಅಂದರೆ ದವಡೆ ಮೂಳೆಗೆ ಕರೆಂಟ್ ಬಿದ್ದಿದೆ, ಕಿತ್ತರೆ ಗಾಯ ಮಾಗದೆ ಮೂಳೆಯೇ ಕೊಳೆಯಬಹುದು ಅಂದರು. ಆ ಸಂಕಟ ಯಾರಿಗೂ ಬೇಡ.

ಮಾವನವರನ್ನು ಮೊದಲು ಹಲ್ಲಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ಕೀಳಬೇಕಾದ್ದು ಇದ್ದರೆ ಈಗಲೇ ಕೀಳಿಸಿ, ಮಾಗೋಕೆ ಸುಮಾರು ಎರಡು ವಾರ ಬೇಕು. ಮೇಲೆ ಹೇಳಿದ ಆರು ವಾರದ ಲೆಕ್ಕ ಇರುವುದರಿಂದ ನಾಳೆ ನಾಡಿದ್ದು ಅನ್ನಬೇಡಿ. ಹಲ್ಲಿನ ಅಚ್ಚು ತೆಗೆದು ತೆಳು ಟ್ರೇ ಮಾಡಿಕೊಡುತ್ತಾರೆ. ದಿನವೂ ಅದರಲ್ಲಿ ಫ್ಲೋರೈಡ್ ಜೆಲ್ ಹಾಕಿ ಕೂರಿಸಿಕೊಳ್ಳಬೇಕು. ಇದು ಕರೆಂಟ್ ಮುಗಿದ ಮೇಲೂ ಬಿಡುವ ಹಾಗಿಲ್ಲ, ಜೀವಮಾನದ ಕೆಲಸ. ಸಪ್ಲಿಮೆಂಟಿಗೆ ಎತ್ತಿಟ್ಟ ದುಡ್ಡು ಇದಕ್ಕೆ ಹಾಕಿ.

ಮಡಗಾಂವ್ ಮಾವ

ನಾನು ರೋಗಿಯೇ. ಮೂಲ ಕಾರವಾರ, ನೌಕರಿಗೆ ಅಂತ ಗೋವಾಕ್ಕೆ ಬಂದವನು ಇಲ್ಲೇ ಉಳಿದೆ. ನಾಲಿಗೆ ಬುಡದ ಕ್ಯಾನ್ಸರ್. ಎರಡೂ ಪಕ್ಕಕ್ಕೆ ಕರೆಂಟ್ ಆಗಿತ್ತು. ಈಗ ಆರಾಮಾಗಿದ್ದೇನೆ. ಬಾಯಿ ಒಣಗುವುದು ಪೂರ್ತಿ ಹೋಗಿಲ್ಲ. ಅದರ ಜೊತೆ ಬದುಕುವುದು ಕಲಿತಿದ್ದೇನೆ, ಅದನ್ನೇ ಬರೆಯುತ್ತೇನೆ.

ಮೊದಲಿಗೆ ಜೊಲ್ಲು ಪೂರ್ತಿ ಬತ್ತುವುದಿಲ್ಲ, ದಪ್ಪ ಆಗುತ್ತದೆ. ಅಂಟಿನ ಹಾಗೆ ಎಳೆ ಎಳೆಯಾಗಿ ಗಂಟಲಲ್ಲಿ ನಿಲ್ಲುತ್ತದೆ. ಉಗುಳೋಕೂ ಆಗಲ್ಲ, ನುಂಗೋಕೂ ಆಗಲ್ಲ. ಆಗ ನನಗೆ ಕೈ ಹಿಡಿದದ್ದು ಉಪ್ಪು-ಸೋಡಾ ನೀರು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಊಟಕ್ಕೆ ಮುಂಚೆ, ಊಟ ಆದ ಮೇಲೆ, ಮಲಗುವ ಮುಂಚೆ, ರಾತ್ರಿ ಎದ್ದಾಗ ಮುಕ್ಕಳಿಸಿ ಉಗುಳುವುದು. ದಿನದಿನ ಹೊಸದು ಮಾಡಿಕೊಳ್ಳಬೇಕು. ಅಂಗಡಿಯ ಖಾರ ಮೌತ್‌ವಾಶ್ ಮುಟ್ಟಬೇಡಿ, ಆಲ್ಕೋಹಾಲ್ ಇರುವುದು ಬಾಯಿಯನ್ನು ಇನ್ನೂ ಒಣಗಿಸುತ್ತದೆ.

ಊಟ. ಇಲ್ಲಿ ಮೀನು ಸಾರು, ಕೋಕಮ್ ಹುಳಿಯ ಸೋಲ್ ಕಡಿ ಇಲ್ಲದೆ ಅನ್ನ ಇಳಿಯಲ್ಲ. ಕರೆಂಟಿನ ನಡುವೆ ಕೋಕಮ್‌ನ ಹುಳಿ ತಾಗಿದರೆ ಬಾಯಿ ಹೊತ್ತಿಕೊಂಡ ಹಾಗೆ ಆಗುತ್ತಿತ್ತು. ಹೆಂಡತಿ ಮೀನನ್ನು ಬರೀ ತೆಂಗಿನ ಹಾಲಿನಲ್ಲಿ, ಮೆಣಸಿಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ, ಅನ್ನದ ಜೊತೆ ಮಿಕ್ಸಿಗೆ ಹಾಕುತ್ತಿದ್ದಳು. ನೋಡೋಕೆ ಚೆನ್ನಾಗಿರಲಿಲ್ಲ, ಹೊಟ್ಟೆಗೆ ಹೋಯಿತು. ನಿಮ್ಮ ಮಾವ ವಿಜಯಪುರದವರು, ಜೋಳದ ರೊಟ್ಟಿ ಬಿಟ್ಟಿರಲ್ಲ. ರೊಟ್ಟಿಯನ್ನು ಚೂರು ಮಾಡಿ ಬಿಸಿ ಹಾಲಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ತುಪ್ಪ ಬಿಟ್ಟು ಕಿವುಚಿ ಕೊಡಿ. ಕೊಡುವ ಮುಂಚೆ ಉಗುರು ಬೆಚ್ಚಗೆ ಆಗಲಿ.

ರಾತ್ರಿಯೇ ಕಷ್ಟ. ತಲೆದಿಂಬಿನ ಪಕ್ಕ ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ಇಟ್ಟುಕೊಳ್ಳುತ್ತೇನೆ. ಮಲಗುವಾಗ ಒಸಡಿಗೆ, ಕೆನ್ನೆಯ ಒಳಗೆ ಜೆಲ್ ಸವರಿಕೊಳ್ಳುತ್ತೇನೆ, ಕೃತಕ ಜೊಲ್ಲು ಅಂತ ಮೆಡಿಕಲ್‌ನಲ್ಲಿ ಸಿಗುತ್ತದೆ. ಹಗಲಿಗೆ ಸಕ್ಕರೆ ಇಲ್ಲದ ಚೂಯಿಂಗ್ ಗಮ್. ಉಳಿದಿರುವ ಗ್ರಂಥಿ ಅಗಿಯುವಾಗ ಸ್ವಲ್ಪ ಕೆಲಸ ಮಾಡುತ್ತದೆ.

ಸಪ್ಲಿಮೆಂಟ್ ಮಾರುವವರು ನನ್ನ ಬಳಿಯೂ ಬಂದಿದ್ದರು. ಹೆದರಿದವರ ಮನೆ ಬಾಗಿಲಿಗೇ ಬರುತ್ತಾರೆ ಅವರು. ಅದಕ್ಕೆ ನನಗೆ ಕೋಪ.

ಡೊಂಬಿವಲಿ ಸೊಸೆ

ಮಾವ ನಿಮ್ಮ ರೊಟ್ಟಿ ಮಾತು ಕೇಳಿ ನಕ್ಕರು. ಅವರ ಊರಲ್ಲಿ ಮಕ್ಕಳಿಗೆ ಹಾಗೇ ಕೊಡುತ್ತಾರಂತೆ.

ಹಲ್ಲಿನ ಡಾಕ್ಟರಿಗೆ ತೋರಿಸಿದೆವು. ಎರಡು ಹಲ್ಲು ಕೀಳಬೇಕು ಅಂದರು, ಅವತ್ತೇ ಕೀಳಿಸಿದೆವು. ಪಟ್ಟಿಯನ್ನು ರೇಡಿಯೇಷನ್ ಡಾಕ್ಟರಿಗೆ ತೋರಿಸಿದೆ. ಓದಿ ಪೂರ್ತಿ ಅಡ್ಡಗೆರೆ ಹಾಕಿದರು. ಬಿ12 ಕಮ್ಮಿ ಇತ್ತು, ಅದಕ್ಕೆ ಇಂಜೆಕ್ಷನ್ ಬರೆದರು. ಒಂದೇ ಪಕ್ಕಕ್ಕೆ ಕೊಡುತ್ತೇವೆ, ಬಲಗಡೆ ಉಳಿಸೋಕೆ ನೋಡುತ್ತೇವೆ ಅಂದರು. ಗ್ಲುಟಮಿನ್ (ಪ್ರೋಟೀನಿನ ಒಂದು ಅಂಶ) ಪುಡಿ ಆಮೇಲೆ ನೋಡೋಣ ಅಂದರು. ಅದೂ ಸಪ್ಲಿಮೆಂಟೇ ಅಲ್ವಾ? ಜೇನುತುಪ್ಪ ಕೂಡ ಒಳ್ಳೆಯದು ಅಂತ ನರ್ಸ್ ಹೇಳಿದರು. ಮಾವನಿಗೆ ಸಕ್ಕರೆ ಕಾಯಿಲೆ ಇದೆ.

ಮಾಟುಂಗಾ ಡಯಟ್

ಒಳ್ಳೆಯ ಕೆಲಸ ಮಾಡಿದಿರಿ.

ಇಲ್ಲಿ ಎರಡು ತೊಂದರೆಗಳನ್ನು ಬೇರೆ ಮಾಡಿ ನೋಡಬೇಕು. ಬಾಯಿ ಒಣಗುವುದು ಬೇರೆ, ಬಾಯಿ ಹುಣ್ಣಾಗುವುದು ಬೇರೆ. ಗ್ಲುಟಮಿನ್, ಜೇನು ಎರಡೂ ಹುಣ್ಣಿಗೆ ಸಂಬಂಧಪಟ್ಟವು. 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ತಲೆ-ಕುತ್ತಿಗೆ ರೋಗಿಗಳ ಹುಣ್ಣು ತಡೆಯೋಕೆ ಜೇನನ್ನು ಸೂಚಿಸಿದೆ. ಕೀಮೋ ಮತ್ತು ಕರೆಂಟ್ ಒಟ್ಟಿಗೆ ತಗೊಳ್ಳುವವರಿಗೆ ಬಾಯಿಂದ ಕೊಡುವ ಗ್ಲುಟಮಿನ್ ಅನ್ನೂ ಎಚ್ಚರಿಕೆಯೊಂದಿಗೆ ಹೇಳಿದೆ. ಎರಡೂ ಜೊಲ್ಲು ಉಳಿಸುತ್ತವೆ ಅಂತ ಅಲ್ಲ. ಒಣಬಾಯಿಗೆ ಸೈಪ್ರಸ್‌ನಲ್ಲಿ ಥೈಮ್ ಜೇನಿನಿಂದ ಮುಕ್ಕಳಿಸಿ ನೋಡಿದ ಚಿಕ್ಕ ಪ್ರಯೋಗವೊಂದಿದೆ, ಅದು ಚಿಕಿತ್ಸೆಗೆ, ತಡೆಯೋಕೆ ಅಲ್ಲ. ಸಕ್ಕರೆ ಕಾಯಿಲೆ ಇರುವಾಗ, ಅದೂ ಒಣಬಾಯಿಯಲ್ಲಿ ಹಲ್ಲು ಹಾಳಾಗುವ ಭಯ ಇರುವಾಗ, ಡಾಕ್ಟರನ್ನು ಕೇಳದೆ ಜೇನು ಬೇಡ.

ಈಗ ನಿಜವಾದ ಸಪ್ಲಿಮೆಂಟ್ ವಿಷಯಕ್ಕೆ ಬರೋಣ. ಅದು ಅನ್ನ, ಬೇಳೆ, ಹಾಲು, ಮೊಟ್ಟೆ. ಮಾವನವರ ತೂಕ 60 ಕಿಲೋ ಅಂದುಕೊಳ್ಳಿ. ದಿನಕ್ಕೆ ಸುಮಾರು 1800 ಕ್ಯಾಲರಿ, 70ರಿಂದ 90 ಗ್ರಾಂ ಪ್ರೋಟೀನ್ ಬೇಕು. ಕಿಡ್ನಿ ರಿಪೋರ್ಟ್ ಸರಿ ಇದ್ದವರಿಗೆ ಈ ಲೆಕ್ಕ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ. ಸುಮ್ನೆ ಗಂಜಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಿಗಲ್ಲ. ಗಂಜಿಯಲ್ಲೇ ಹೆಸರುಬೇಳೆ ಬೇಯಿಸಿ ಮಸೆದು ತುಪ್ಪ ಹಾಕಿ. ರಾಗಿ ಅಂಬಲಿಯನ್ನು ನೀರಿನ ಬದಲು ಹಾಲಿನಲ್ಲಿ ಮಾಡಿ, ಎರಡು ಮೂರು ಚಮಚ ಹಾಲಿನ ಪುಡಿ ಕದಡಿ. ಮೊಟ್ಟೆ ತಿನ್ನುವವರಾದರೆ ಸಿಹಿಯಿಲ್ಲದ ಕಸ್ಟರ್ಡ್ ಹಾಗೆ ಹಬೆಯಲ್ಲಿ ಬೇಯಿಸಿ ಕೊಡಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ.

ಪ್ರತಿ ವಾರ ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಇಳಿಯುತ್ತಾ ಬಂದರೆ ಮೂಗಿನ ನಳಿಗೆ ಹಾಕೋಣ ಅಂತಾರೆ. ಹೆದರಬೇಡಿ, ಬೇಡ ಅಂತ ಹಠ ಮಾಡಬೇಡಿ. ನಳಿಗೆಯಿಂದ ಹೊಟ್ಟೆಗೆ ಹೋಗುವುದೂ ಊಟವೇ. ಚಿಕಿತ್ಸೆ ನಡುವೆ ನಿಲ್ಲುವುದೇ ದೊಡ್ಡ ನಷ್ಟ.

ನಾಲಿಗೆ ಮೇಲೆ ಹೆಪ್ಪು ಮೊಸರಿನಂಥ ಬಿಳಿ ಪದರ ಕಂಡರೆ ಅದು ಫಂಗಸ್ ಇರಬಹುದು. ಒಣಬಾಯಿಯಲ್ಲಿ ಬೇಗ ಬರುತ್ತದೆ. ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ತೋರಿಸಿ, ಔಷಧಿ ಇದೆ.

ಥಾಣೆ ರಾಯರು

ಎಲ್ಲ ಓದಿದೆ. ಲಿವರ್ ವಿಷಯ ನನಗೆ ಗೊತ್ತಿರಲಿಲ್ಲ. ಅಕ್ಕನ ಮಗನಿಗೂ ಈ ಚರ್ಚೆ ಕಳಿಸಿದ್ದೇನೆ. ಒಂದು ಪ್ರಶ್ನೆ. ಚಿಕಿತ್ಸೆ ಎಲ್ಲ ಮುಗಿದ ಮೇಲೂ ಬಾಯಿ ಒಣಗಿಯೇ ಇದ್ದರೆ ಔಷಧಿ ಏನೂ ಇಲ್ಲವಾ?

ಪಿಂಪ್ರಿ ಮೆಡಿಕಲ್

ಇದೆ. ಪೈಲೋಕಾರ್ಪಿನ್ ಅಂತ ಮಾತ್ರೆ, 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಗ್ರಂಥಿ ಸ್ವಲ್ಪವಾದರೂ ಉಳಿದಿದ್ದರೆ ಅದನ್ನು ಕೆಲಸಕ್ಕೆ ಎಬ್ಬಿಸುತ್ತದೆ. ಬೆವರು ಜಾಸ್ತಿ ಬರುತ್ತದೆ. ಆಸ್ತಮಾ, ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಇರುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಡಾಕ್ಟರ ಚೀಟಿ ಇಲ್ಲದೆ ತಗೊಳ್ಳುವ ಔಷಧಿ ಅಲ್ಲ. ಕರೆಂಟ್ ನಡೆಯುವಾಗಲೇ ಅಕ್ಯುಪಂಕ್ಚರ್ ಮಾಡಿಸಬಹುದು ಅಂತಲೂ 2021ರ ಆ ಮಾರ್ಗಸೂಚಿಯಲ್ಲಿದೆ. ಅದನ್ನೂ ಕ್ಯಾನ್ಸರ್ ಡಾಕ್ಟರನ್ನು ಕೇಳಿಯೇ ಮಾಡಿಸಿ.

ಇನ್ನೊಂದು, ಬೇರೆ ಕಾಯಿಲೆಗೆ ತಗೊಳ್ಳುವ ಕೆಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಅಲರ್ಜಿಯ ಕೆಲವು ಮಾತ್ರೆ, ನಿದ್ದೆ ಬರಲಿ ಅಂತ ಕೊಡುವ ಅಮಿಟ್ರಿಪ್ಟಿಲಿನ್ ಇಂಥವು. ಅಕ್ಕನವರ ಮಾತ್ರೆ ಎಲ್ಲ ಒಂದು ಚೀಲದಲ್ಲಿ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಬದಲಿಸುವಂಥದ್ದಿದ್ದರೆ ಅವರು ಬದಲಿಸುತ್ತಾರೆ.

ಕೊಥ್ರೂಡ್ ಅಕ್ಕ

ಡೊಂಬಿವಲಿಯಿಂದ ದಿನವೂ ಲೋಕಲ್‌ನಲ್ಲಿ ಓಡಾಡಬೇಕು ಅಲ್ವಾ? ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಜಾಗ ಇದೆ. ಆಸ್ಪತ್ರೆಯ ಕಾಗದ ಜೊತೆಯಲ್ಲಿ ಇಟ್ಟುಕೊಳ್ಳಿ. ಕಡೆ ವಾರಗಳಲ್ಲಿ ಪ್ರಯಾಣ ಕಷ್ಟ ಅನ್ನಿಸಿದರೆ ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲಿ ವಿಚಾರಿಸಿ. ಊರಿಂದ ಬಂದ ಕ್ಯಾನ್ಸರ್ ರೋಗಿಗಳು ಅಲ್ಲಿ ಉಳಿಯುತ್ತಾರೆ.

ಡೊಂಬಿವಲಿ ಸೊಸೆ

ನಾಳೆ ಮಾಸ್ಕ್ ಮಾಡಿಸೋಕೆ ಕರೆದಿದ್ದಾರೆ. ಅದಕ್ಕೆ ಏನಾದರೂ ತಯಾರಿ ಬೇಕಾ?

ಪನ್ವೇಲ್ ಮಷೀನ್

ಮುಖಕ್ಕೆ ಬಿಸಿ ನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆ ಒತ್ತುತ್ತಾರೆ. ಅದು ಗಟ್ಟಿಯಾಗುವ ತನಕ ಅಲ್ಲಾಡದೆ ಮಲಗಿದರೆ ಸಾಕು. ನೋವಿರಲ್ಲ, ಜಾಲರಿಯಂತೆ ತೂತು ಇರುವುದರಿಂದ ಉಸಿರೂ ಕಟ್ಟಲ್ಲ. ಗಡ್ಡ ಮೀಸೆ ಇದ್ದರೆ ಇವತ್ತೇ ತೆಗೆಸಿ, 30 ಸಿಟ್ಟಿಂಗ್ ಮುಗಿಯುವ ತನಕ ಉದ್ದ ಬಿಡಬೇಡಿ. ಚರ್ಮಕ್ಕೆ ಗಾಯವಾಗದಂತೆ ಬ್ಲೇಡಿನ ಬದಲು ಟ್ರಿಮ್ಮರ್ ಬಳಸಿ. ಮಾಸ್ಕ್ ಸರಿಯಾಗಿ ಕೂತರೆ ಮಾತ್ರ ಕಿರಣ ಪ್ಲಾನ್ ಮಾಡಿದ ಜಾಗಕ್ಕೇ ಬೀಳುತ್ತದೆ, ಬಲಗಡೆ ಗ್ರಂಥಿ ಉಳಿಯುತ್ತದೆ. ತೂಕ ಇಳಿದು ಮಾಸ್ಕ್ ಸಡಿಲ ಆಯಿತು ಅನ್ನಿಸಿದರೆ ಮಾವನವರು ಅವತ್ತೇ ಮಷೀನ್ ರೂಮಿನಲ್ಲಿರುವವರಿಗೆ ಹೇಳಲಿ. ಮತ್ತೆ ಸ್ಕ್ಯಾನ್ ಮಾಡಿ ಹೊಸ ಮಾಸ್ಕ್ ಬೇಕಾ ಅಂತ ನೋಡುತ್ತಾರೆ.